ದೊಡ್ಡ ಎಂಜಿನ್ನಿಗೆ ಮೆತ್ತಿದ ಬೆಲ್ಲ

ದೇವರ ಬಸವನಿಗೆ ಲಂಚ ಕೊಟ್ಟವನು ನಾನು. ಮದ್ದೂರಿನಿಂದ ಮಳವಳ್ಳಿಯವರೆಗೆ ಈ ವಿಷಯ ಈಗ ಗೊತ್ತಿಲ್ಲದವರಿಲ್ಲ. ಆದರೆ ಒಬ್ಬೊಬ್ಬರು ಒಂದೊಂದು ತರ ಹೇಳುತ್ತಿದ್ದಾರೆ. ಒಂದು ಚೂರು ಬೆಲ್ಲ ಕೆಲವರ ಬಾಯಲ್ಲಿ ಒಂದು ಪಿಂಡಿಯಾಗಿದೆ, ಇನ್ನು ಕೆಲವರ ಬಾಯಲ್ಲಿ ಆಲೆಮನೆಯೇ ಆಗಿದೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ನಾನೇ ಬರೆದುಬಿಡೋಣ ಎಂದುಕೊಂಡೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಸುಳ್ಳು ಹೇಳುವುದಕ್ಕೆ ಅದೇ ಸಾಕಾಗಿತ್ತು, ನಿಜ ಬರೆಯುವುದಕ್ಕೂ ಸಾಕಾಗಬಹುದು.

ನನ್ನ ಸೊಸೆ ಚಾಕಿ ಹುಳ ಸಾಕುತ್ತಾಳೆ. ರೇಷ್ಮೆ ಹುಳ ಮೊಟ್ಟೆಯೊಡೆದು ಬಂದಾಗ ಇರುವೆಗಿಂತ ಸಣ್ಣದಾಗಿರುತ್ತದೆ. ಅದನ್ನು ಎಳೆಗೂಸಿನ ಹಾಗೆ ನೋಡಿಕೊಂಡು, ಸೊಪ್ಪನ್ನು ಸಣ್ಣಗೆ ಕೊಚ್ಚಿ ಹಾಕಿ, ಎರಡನೇ ಜ್ವರದವರೆಗೆ ಬೆಳೆಸಬೇಕು. ಜ್ವರ ಅಂದರೆ ಕಾಯಿಲೆಯಲ್ಲ. ಹುಳ ಮೇಯುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತು ಹಳೆ ಚರ್ಮ ಕಳಚುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಇಂಥ ನಾಲ್ಕು ಜ್ವರ ಎದ್ದ ಮೇಲೆ ಹುಳ ಹಣ್ಣಾಗುತ್ತದೆ, ಹಣ್ಣಾದದ್ದನ್ನು ಆರಿಸಿ ಚಂದ್ರಿಕೆ ತಟ್ಟೆಗೆ ಬಿಟ್ಟರೆ ಗೂಡು ಕಟ್ಟುತ್ತದೆ. ಎರಡನೇ ಜ್ವರಕ್ಕೆ ಕೂತ ಹುಳವನ್ನು ತಟ್ಟೆಗಳ ಸಮೇತ ರೈತರ ಮನೆಗೆ ತಲುಪಿಸಿದರೆ ಅವಳ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ರೈತರ ಪಾಡು. ಆದರೆ ಆ ಹೊತ್ತಿನಲ್ಲಿ ಹುಳಕ್ಕೆ ಬಿಸಿಲು ತಾಕಬಾರದು, ಅದು ಒಂದರ ಮೇಲೊಂದು ಬೀಳಬಾರದು. ಬಿದ್ದರೆ ಕೆಲವು ಮೊದಲು ಏಳುತ್ತವೆ, ಕೆಲವು ಆಮೇಲೆ ಏಳುತ್ತವೆ, ಬೆಳೆ ಏರುಪೇರಾಗುತ್ತದೆ. ರೈತ ಬೈಯುವುದು ಹುಳವನ್ನಲ್ಲ, ಸಾಕಿದವಳನ್ನು.

ಮೊದಲು ಬಾಡಿಗೆ ಗೂಡ್ಸ್ ಆಟೋದಲ್ಲಿ ಕಳಿಸುತ್ತಿದ್ದಳು. ಆಟೋದವನು ಬೆಳಿಗ್ಗೆ ಆರಕ್ಕೆ ಬರುತ್ತೇನೆಂದರೆ ಇಡ್ಲಿ ತಿಂದು, ಟೀ ಕುಡಿದು, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಬರುತ್ತಿದ್ದ. ಸಾಕಾಗಿ ಅವಳೇ ಡ್ರೈವಿಂಗ್ ಕಲಿತಳು, ಲೈಸೆನ್ಸ್ ಮಾಡಿಸಿದಳು, ಒಂದು ಪಿಕಪ್ ತಗೊಳ್ಳುತ್ತೇನೆಂದಳು. ಮಗ ಮಂಡ್ಯದ ಒಂದು ಆಫೀಸಿನಲ್ಲಿದ್ದಾನೆ. "ದುಡಿಯೋಳು ಅವ್ಳು, ಓಡ್ಸೋಳು ಅವ್ಳು, ನನ್ನ ಕೇಳ್ಬೇಡಿ" ಎಂದು ರೈಲು ಹತ್ತಿದ. ಅವನಿಗಿದ್ದ ಬುದ್ಧಿ ನನಗಿರಲಿಲ್ಲ.

ಶೋರೂಮಿಗೆ ನಾನು, ನಮ್ಮವಳು, ಸೊಸೆ ಮೂವರೂ ಹೋದೆವು. ಅಲ್ಲಿ ಮಾರುವವನು ಹೇಳಿದ: ಗಾಡಿ ಒಂದೇ, ಎಂಜಿನ್ ಎರಡು ತರ. ಚಿಕ್ಕದು ಪೆಟ್ರೋಲಿನದು, ಸದ್ದು ಕಡಿಮೆ, ಹಿಂದಿನ ಸ್ಪ್ರಿಂಗ್ ಪಟ್ಟಿ ಮೆತ್ತಗೆ. ದೊಡ್ಡದು ಡೀಸೆಲಿನದು, ಎಳೆತ ಜಾಸ್ತಿ, ಭಾರ ತಡೆಯಲಿ ಎಂದು ಹಿಂದೆ ಪಟ್ಟಿಗಳೂ ಜಾಸ್ತಿ.

"ಏನ್ ಲೋಡ್ ಮಾಡ್ತೀರಾ ಸಾರ್?" ಎಂದು ನನ್ನನ್ನೇ ಕೇಳಿದ.

"ಹುಳ" ಅಂದಳು ಸೊಸೆ.

ನಗಬೇಕೋ ಬೇಡವೋ ಎಂದು ಅವನು ನಮ್ಮ ಮುಖ ನೋಡಿದ. "ಎಷ್ಟು ಟನ್ ಬರುತ್ತೆ ಮೇಡಂ?"

"ತಟ್ಟೆ, ಸೊಪ್ಪು ಎಲ್ಲಾ ಸೇರ್ಸಿದ್ರೂ ನಮ್ಮತ್ತೆಯಷ್ಟು ತೂಗಲ್ಲ."

ನಮ್ಮವಳು ಸೆರಗು ಸರಿಮಾಡಿಕೊಂಡಳು.

ಸೊಸೆ ಎರಡೂ ಗಾಡಿ ಸ್ಟಾರ್ಟ್ ಮಾಡಿಸಿದಳು. ಎಂಜಿನ್ನಿನ ಹತ್ತಿರ ಹೋಗಲೇ ಇಲ್ಲ. ಹಿಂದೆ ಹೋಗಿ ಬಾಡಿಯ ಮೇಲೆ ಅಂಗೈ ಇಟ್ಟು, ಮಗುವಿನ ಮೈ ಮುಟ್ಟಿ ನೋಡುವ ಹಾಗೆ ನಿಂತಳು. "ಚಿಕ್ಕದೇ ಸಾಕು ಮಾವ. ದೊಡ್ಡದು ನಡುಗ್ತದೆ."

"ನೋಡವ್ವಾ," ಅಂದೆ ನಾನು, "ಇವತ್ತು ಹುಳ, ನಾಳೆ ಕಬ್ಬು, ನಾಡಿದ್ದು ಭತ್ತ. ಶಕ್ತಿ ಮಿಕ್ಕಿದ್ರೆ ಕೊಳೆತೋಯ್ತದಾ?"

"ಕೊಳೆಯಲ್ಲ ಮಾವ. ಭಾರ ಇಲ್ದಿದ್ರೆ ಕುಣೀತದೆ."

ಕಬ್ಬು, ಭತ್ತ ಎಂದೆನಲ್ಲ, ಅದೆಲ್ಲ ಬಾಯಿಮಾತು. ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದು ಹಗ್ಗ.

ಸೊಸೆಯ ಅಪ್ಪ, ಅಂದರೆ ನನ್ನ ಬೀಗರು, ಮಳವಳ್ಳಿ ಕಡೆಯವರು. ಅಲ್ಲಿಂದ ಮದ್ದೂರಿನ ಮಾರುಕಟ್ಟೆಗೆ ಎಳನೀರು ತರುತ್ತಾರೆ. ಅವರದ್ದು ಹಳೆಯದಾದರೂ ದೊಡ್ಡ ಎಂಜಿನ್ನಿನ ಗಾಡಿ. ಮದುವೆಯ ಕಾಲದಲ್ಲಿ ನಾನು ಬಾಡಿಗೆಗೆ ತಂದಿದ್ದ ವ್ಯಾನು, ಬೀಗರೂಟದ ಪಾತ್ರೆಗಳನ್ನೆಲ್ಲ ಹೊತ್ತುಕೊಂಡು, ನಾಲೆ ಏರಿಯ ಮೇಲೆ ಹತ್ತಲಾರದೆ ನಿಂತುಬಿಟ್ಟಿತು. ಹಿಂದಿನಿಂದ ಬಂದ ಬೀಗರು ಏನೂ ಮಾತಾಡದೆ ಹಗ್ಗ ಕಟ್ಟಿ ಎಳೆದು ಮೇಲೆ ಬಿಟ್ಟರು. ಅವತ್ತು ಮಾತಾಡಲಿಲ್ಲ, ಅಷ್ಟೇ. ಆಮೇಲೆ ಬಿಟ್ಟೂಬಿಡದೆ ಮಾತಾಡಿದರು. ನಾಮಕರಣಕ್ಕೆ ಬಂದರೂ, ತಿಥಿಗೆ ಬಂದರೂ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೂ ಒಂದೇ ಮಾತು: "ಏನ್ ಬೀಗ್ರೇ, ಅಗ್ಗ ಬೇಕಾ?" ಒಂದು ಸಲ ಊಟದ ಎಲೆಯಿಂದ ಏಳಲು ಮಂಡಿ ನೋವಾಗಿ ತಡವರಿಸಿದೆ. ಪಂಕ್ತಿಯಲ್ಲಿ ಕೂತವರೆಲ್ಲ ಕೇಳುವ ಹಾಗೆ, "ಲೇ, ಯಾರಾದ್ರೂ ಅಗ್ಗ ತತ್ತರ್ಲಾ!" ಎಂದು ಕೂಗಿದ್ದರು.

ಆ ಹಗ್ಗಕ್ಕೆ ಉತ್ತರ ಕೊಡಲು ನನಗೆ ದೊಡ್ಡ ಎಂಜಿನ್ ಬೇಕಾಗಿತ್ತು. ಹುಳ ನನ್ನ ಲೆಕ್ಕಕ್ಕೇ ಇರಲಿಲ್ಲ.

ಮನೆಗೆ ಬಂದ ಮೇಲೂ ಮಾತು ಬಗೆಹರಿಯಲಿಲ್ಲ. ನಾನು ದೊಡ್ಡದು ಎನ್ನುವುದು, ಅವಳು ಚಿಕ್ಕದು ಎನ್ನುವುದು, ನಮ್ಮವಳು ಮಧ್ಯೆ ಕೂತು ಅವರೆಕಾಯಿ ಬಿಡಿಸುವುದು. ಕೊನೆಗೆ ನಮ್ಮವಳೇ, "ಸೋಮವಾರ ಊರಿಗೆ ಬಸವಪ್ಪ ಬತ್ತಾವ್ನೆ. ನೀವಿಬ್ರೂ ಬಾಯ್ಮುಚ್ಕಳಿ, ಅವ್ನೇ ಏಳ್ಲಿ" ಅಂದಳು.

ನಮ್ಮ ಸೀಮೆಯಲ್ಲಿ ಇದು ಹೊಸದಲ್ಲ. ದೇವರ ಹೆಸರಿನಲ್ಲಿ ಬಿಟ್ಟ ಬಸವ ಊರೂರಿಗೆ ಬರುತ್ತದೆ. ಬೋರ್‌ವೆಲ್ ಎಲ್ಲಿ ಕೊರೆಸಬೇಕು, ಗುಡಿಯ ಪೂಜೆ ಯಾರು ಮಾಡಬೇಕು, ಬದುವಿನ ಜಗಳದಲ್ಲಿ ಯಾರದು ನ್ಯಾಯ ಎಂದು ಜನ ಅದರ ಮುಂದೆ ಕೇಳುತ್ತಾರೆ. ಅದು ಎಲ್ಲಿ ಹೋಗಿ ನಿಂತಿತೋ, ಯಾವುದನ್ನು ಮುಟ್ಟಿತೋ ಅದೇ ತೀರ್ಮಾನ. ಪೊಲೀಸು, ಕೋರ್ಟು ಆದ ಮೇಲೂ ಬಸವಪ್ಪನ ಹತ್ತಿರ ಬಂದವರಿದ್ದಾರೆ. ಬಸವಪ್ಪನ ಹತ್ತಿರ ಆದ ಮೇಲೆ ಕೋರ್ಟಿಗೆ ಹೋದವರನ್ನು ನಾನು ಕಂಡಿಲ್ಲ.

ಬಸವಪ್ಪ ಬಂದಿಳಿದದ್ದೂ ಒಂದು ಪಿಕಪ್ಪಿನಲ್ಲೇ. ನಾನು ಸೊಸೆಯ ಪಕ್ಕ ಹೋಗಿ, "ನೋಡ್ದಾ? ದೊಡ್ಡ ಎಂಜಿನ್" ಎಂದೆ.

"ಬಸವಪ್ಪ ಜ್ವರಕ್ಕೆ ಕೂರಲ್ಲ ಮಾವ" ಅಂದಳು.

ಅಂಗಳ ಸಾರಿಸಿ, ಕಂಬಳಿ ಹಾಸಿ, ಎರಡು ತೆಂಗಿನಕಾಯಿ ಇಡುವುದೆಂದು ಮಾತಾಯಿತು. ಒಂದು ಚಿಕ್ಕ ಎಂಜಿನ್ನಿಗೆ, ಒಂದು ದೊಡ್ಡದಕ್ಕೆ. ಗುರುತಿಗೆ ಚಿಕ್ಕದರ ಕಾಯಿಯ ಕೆಳಗೆ ಒಂದು ಹಿಪ್ಪುನೇರಳೆ ಎಲೆ ಇಡುತ್ತೇನೆಂದಳು ಸೊಸೆ. ನಾನು ಎದ್ದು ನಿಂತೆ. "ಸೊಪ್ಪು ಕಂಡ್ರೆ ದನ ಬುಡ್ತದಾ? ಅದು ಮೋಸ ಆಯ್ತದೆ ಕಣವ್ವ. ದೇವರ ಮುಂದೆ ಅಂಗೆಲ್ಲಾ ಮಾಡಬಾರ್ದು!" ಎಂದು ಅಂಗಳದಲ್ಲಿದ್ದವರೆಲ್ಲ ತಲೆದೂಗುವ ಹಾಗೆ ನ್ಯಾಯ ಹೇಳಿದೆ. ಅವಳು ನಾಚಿ ಎಲೆ ತೆಗೆದಿಟ್ಟು, ಒಂದು ಕಾಯಿಗೆ ಕುಂಕುಮ, ಇನ್ನೊಂದಕ್ಕೆ ಅರಿಶಿನ ಹಚ್ಚಿದಳು. ದೊಡ್ಡ ಎಂಜಿನ್ನಿನದು ಅರಿಶಿನದ ಕಾಯಿ, ಅದನ್ನು ಆ ಪಾಲಿಗೆ ಇಟ್ಟವನು ನಾನೇ.

ಆ ನ್ಯಾಯ ಹೇಳುವಾಗಲೇ ಅರಿಶಿನದ ಕಾಯಿಯ ಜುಟ್ಟಿನೊಳಗೆ ಬೆಲ್ಲವಿತ್ತು.

ಕಾಯಿ ಸುಲಿಯುವ ಕೆಲಸ ಬೆಳಿಗ್ಗೆ ನನ್ನ ಪಾಲಿಗೆ ಬಂದಿತ್ತು. ಹಿತ್ತಲಲ್ಲಿ ಕೂತು ಸುಲಿದು, ಜುಟ್ಟು ಬಿಟ್ಟು, ಅದರ ನಾರನ್ನು ಬೆರಳಿನಿಂದ ಬಿಡಿಸಿ, ಆಲೆಮನೆಯಿಂದ ಹೊಸದಾಗಿ ತಂದಿದ್ದ ಮೆತ್ತನೆ ಬೆಲ್ಲವನ್ನು ಒಳಕ್ಕೆ ಮೆತ್ತಿ, ಮತ್ತೆ ಜಡೆ ಹೆಣೆದ ಹಾಗೆ ನಾರು ಮುಚ್ಚಿದ್ದೆ. ಕೈ ತೊಳೆದುಕೊಳ್ಳುವಾಗ ನನ್ನ ಕುಶಲತೆಗೆ ನಾನೇ ಮೆಚ್ಚಿದೆ. ಸಾಯುವ ವಯಸ್ಸಿನಲ್ಲಿ ಇಂಥ ಬುದ್ಧಿ ಬಂತಲ್ಲ ಎಂದು ಆಗ ಅನಿಸಲಿಲ್ಲ.

ಬಸವಪ್ಪನ ಪಾದ ತೊಳೆದು ಪೂಜೆ ಮಾಡಿದರು. ಜೊತೆಗೆ ಬಂದ ಗುಡ್ಡಪ್ಪ, ಅಂದರೆ ದೇವರ ಸೇವೆಯವನು, ಬಸವನ ಕಿವಿಯ ಹತ್ತಿರ ವಿಷಯ ಹೇಳಿದ. ಬಸವಪ್ಪ ಕಂಬಳಿಯ ಮುಂದೆ ನಿಂತ. ಮೊದಲು ಕುಂಕುಮದ ಕಾಯಿಯ ಕಡೆಗೇ ಮುಖ ತಿರುಗಿಸಿದ. ಆಮೇಲೆ ಮೂಗು ಅರಳಿಸಿದ. ಅರಿಶಿನದ ಕಾಯಿಗೆ ಬಂದು, ಮೂಸಿ, ಜುಟ್ಟನ್ನು ಒಂದು ಸಲ ನೆಕ್ಕಿದ. ಬಿಟ್ಟು ಹೋಗುತ್ತಾನೆಂದು ನಾನಂದುಕೊಂಡಿದ್ದೆ. ಅವನು ನೆಕ್ಕುತ್ತಲೇ ನಿಂತ. ಹೆಂಗಸರು ಕೈಮುಗಿದರು.

"ಏನವ್ವಾ ಇದು, ಇಷ್ಟು ಗಟ್ಟಿಯಾಗಿ ಏಳ್ತಾವ್ನೆ!" ಅಂದ ಗುಡ್ಡಪ್ಪ. "ಬದುವಿನ ಜಗಳದಲ್ಲೂ ಇಂಗೆ ಏಳಿರ್ಲಿಲ್ಲ."

ಸೊಸೆ ತಲೆಬಾಗಿ ನಮಸ್ಕಾರ ಮಾಡಿದಳು. ದೊಡ್ಡ ಎಂಜಿನ್ ಬಂತು.

ಗಾಡಿ ಪೂಜೆಗೆ ಬೀಗರೂ ಬಂದಿದ್ದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಹಿಂದಿನ ಪಟ್ಟಿಗಳನ್ನು ಬಗ್ಗಿ ನೋಡಿ, "ಭೇಷ್ ಬೀಗ್ರೇ" ಎಂದರು. ಹಗ್ಗದ ಮಾತೇ ಎತ್ತಲಿಲ್ಲ. ನಾನು ಅವತ್ತು ಎರಡು ಸಲ ಪಾಯಸ ಹಾಕಿಸಿಕೊಂಡೆ. ಬಸವಪ್ಪ ಆರಿಸಿದ ಕಾಯಿಯನ್ನು ದೇವರ ಗೂಡಿನಿಂದ ತಂದು ಗಾಡಿಯ ಮುಂದೆ ಒಡೆದವಳು ಸೊಸೆಯೇ. ಒಡೆಯುವ ಮುಂಚೆ ಅದರ ಜುಟ್ಟನ್ನು ಸ್ವಲ್ಪ ಹೊತ್ತು ನೋಡಿದಳು. ನನ್ನ ಗಮನ ಪಾಯಸದ ಮೇಲಿತ್ತು.

ಮೊದಲ ಸಲ ಹುಳ ತುಂಬಿಕೊಂಡು ಹೊರಟಾಗಲೇ ಗಾಡಿ ತನ್ನ ಗುಣ ತೋರಿಸಿತು. ಟನ್ನುಗಟ್ಟಲೆ ಹೊರಲು ಮಾಡಿದ ಪಟ್ಟಿಗಳಿಗೆ ತಟ್ಟೆಗಳ ಭಾರ ಗೊತ್ತೇ ಆಗಲಿಲ್ಲ. ರಸ್ತೆಯ ಪ್ರತಿ ಉಬ್ಬಿಗೂ ಗಾಡಿಯ ಹಿಂಭಾಗ ಮೇಕೆಮರಿಯ ಹಾಗೆ ನೆಗೆಯಿತು. ಮಳವಳ್ಳಿ ಕಡೆಯ ಒಬ್ಬ ರೈತನ ಮನೆಯಲ್ಲಿ ತಟ್ಟೆ ತೆಗೆದು ನೋಡಿದರೆ, ಜ್ವರಕ್ಕೆ ಕೂತಿದ್ದ ಹುಳವೆಲ್ಲ ಒಂದು ಮೂಲೆಗೆ ಬಂದು ರಾಶಿಯಾಗಿದ್ದವು.

ಮುಂದಿನ ಸಲ ಮರಳು ಮೂಟೆ ಹೇರಿದಳು. ಆಮೇಲೆ ಒಂದು ದಿನ ನನ್ನ ಕಡೆ ನೋಡಿ, "ಮಾವ, ನೀವೂ ಹತ್ತಿ. ಗಾಡಿಗೆ ಇನ್ನೊಂದ್ಚೂರು ಭಾರ ಬೇಕು" ಅಂದಳು. ನಾನು ಮೊದಲೇ ಮುದ್ದೆಯ ಆಳು. ಹಿಂದೆ ತಟ್ಟೆಗಳ ನಡುವೆ, ಮರಳು ಮೂಟೆಯ ಮೇಲೆ ಕೂತೆ. ತಂಪಿಗೆಂದು ತಟ್ಟೆಗಳ ಸುತ್ತ ಒದ್ದೆ ಗೋಣಿತಾಟು ಕಟ್ಟಿದ್ದಳು, ಅದರ ಒಂದು ತುದಿ ನನ್ನ ತಲೆಯ ಮೇಲೂ ಬಂತು. ಹೀಗೆ ಹುಳ ಹೊರಡುವ ದಿನಗಳಲ್ಲೆಲ್ಲ ಊರೂರು ತಿರುಗಿದೆ. ದೊಡ್ಡ ಎಂಜಿನ್ ಅಡಿಯಲ್ಲಿ ಗುಡುಗುಡು ಎನ್ನುತ್ತಿದ್ದರೆ ನನ್ನ ಕಟ್ಟಿಸಿದ ಹಲ್ಲು ಅದರ ತಾಳಕ್ಕೆ ಕುಣಿಯುತ್ತಿತ್ತು.

ಒಂದೂರಿನಲ್ಲಿ ಗೋಣಿತಾಟು ಎತ್ತಿದ ರೈತ ನನ್ನನ್ನು ನೋಡಿ ಹೌಹಾರಿದ. ಆಮೇಲೆ ಸೊಸೆಯನ್ನು ಕೇಳಿದ: "ಏನವ್ವಾ, ಈ ಹುಳ ಎಷ್ಟನೇ ಜ್ವರದಲ್ಲದೆ?"

"ಕೊನೇದು ಕಣಣ್ಣ" ಅಂದಳು ಅವಳು. "ಇನ್ನು ಗೂಡು ಕಟ್ಟೋದೊಂದೇ ಬಾಕಿ."

ನಾನೂ ನಕ್ಕೆ. ಆದರೆ ಆ ರೈತ ತಟ್ಟೆ ನೋಡಿದ ಮೇಲೆ ನಗಲಿಲ್ಲ. ಮರಳು, ನಾನು ಇಬ್ಬರೂ ಸೇರಿ ನೆಗೆತವನ್ನು ಕಡಿಮೆ ಮಾಡಿದ್ದೆವು, ನಡುಕವನ್ನು ಹೇಗೆ ನಿಲ್ಲಿಸುವುದು? ಹುಳ ಮತ್ತೆ ಅಂಚಿಗೆ ಸರಿದಿದ್ದವು. "ಮುಂದಿನ ಬೆಳೆಗೆ ನಮ್ಗೆ ಬೇಡ ಕಣವ್ವ, ಬ್ಯಾಸರ ಮಾಡ್ಕಬೇಡ" ಅಂದ. ಆ ವಾರ ಹಾಗೆ ಅಂದವನು ಅವನೊಬ್ಬನೇ ಅಲ್ಲ.

ಸೊಸೆ ಮನೆಗೆ ಬಂದು ಖಾಲಿ ತಟ್ಟೆಗಳನ್ನು ತೊಳೆಯುತ್ತಾ ಕೂತಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಹಟ್ಟಿ ಬಾಗಿಲಲ್ಲಿ ನಿಂತ ಮಗ, "ಮಾರಿಬಿಟ್ಟು ಚಿಕ್ಕದು ತಗೊಳ್ಳೋಣ" ಎಂದ. ನಮ್ಮವಳು ಒಳಗಿನಿಂದಲೇ ಗದರಿದಳು: "ಬಸವಪ್ಪ ನೆಕ್ಕಿ ನೆಕ್ಕಿ ಏಳವ್ನೆ, ಅದನ್ನ ಮಾರ್ತೀಯಾ? ಏನೋ ಕಂಡೇ ಏಳಿರ್ತಾನೆ. ತಡಕಳಿ."

ಆಗ ನನಗೆ ಅರ್ಥವಾಯಿತು. ಬಸವಪ್ಪ ಆರಿಸಿದ ಗಾಡಿಯನ್ನು ಮಾರಲು ನಮ್ಮ ಮನೆಯಲ್ಲಿ ಯಾರಿಗೂ ಧೈರ್ಯವಿಲ್ಲ. ಅದನ್ನು ಆರಿಸಿದ್ದು ಬಸವಪ್ಪನಲ್ಲ ಎಂದು ಗೊತ್ತಿದ್ದವನು ನಾನೊಬ್ಬನೇ. ನಾನು ಬಾಯಿ ಬಿಡದಿದ್ದರೆ ಆ ಗಾಡಿ ಬಾಗಿಲಲ್ಲೇ ಇರುತ್ತದೆ, ಸೊಸೆಯ ಕಸುಬು ಹೋಗುತ್ತದೆ. ಇಷ್ಟು ಅರ್ಥವಾದ ಮೇಲೂ ನಾನು ಒಂದಷ್ಟು ದಿನ ಸುಮ್ಮನಿದ್ದೆ. ಬರೆಯುವಾಗ ಅದನ್ನು ಬಿಟ್ಟುಬಿಡೋಣ ಅನಿಸಿತ್ತು.

ಕೊನೆಗೆ ಒಂದು ಮಧ್ಯಾಹ್ನ, ಅವಳು ಹುಳುಮನೆಯಲ್ಲಿ ಸೊಪ್ಪು ಕೊಚ್ಚುತ್ತಿದ್ದಾಗ ಹೋಗಿ ಬಾಗಿಲಲ್ಲಿ ನಿಂತೆ. ಒಳಗೆ ಹೋಗಬೇಕಾದರೆ ಕೈಕಾಲು ತೊಳೆದು ಸುಣ್ಣದ ಪುಡಿ ಮೆಟ್ಟಿಕೊಂಡು ಹೋಗಬೇಕು. ಅದನ್ನೆಲ್ಲ ಮಾಡುವಷ್ಟರಲ್ಲಿ ಧೈರ್ಯ ಹೋಗುತ್ತದೆಂದು ಹೊರಗಿನಿಂದಲೇ ಹೇಳಿದೆ.

"ಅವ್ವಾ, ಆ ಕಾಯಿ ಜುಟ್ಟಲ್ಲಿ ಬೆಲ್ಲ ಇತ್ತು. ನಾನೇ ಇಟ್ಟಿದ್ದೆ."

ಅವಳು ಸೊಪ್ಪು ಕೊಚ್ಚುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಮಾವ. ಒಡೆಯೋಕೆ ಎತ್ಕಂಡಾಗ ಜುಟ್ಟು ತುಂಬಾ ಇರುವೆ."

"ಗೊತ್ತಿದ್ದೂ ಯಾಕೆ ಸುಮ್ನಿದ್ದೆ?"

"ನಾನು ಏಳಿದ್ರೆ, ಬಸವಪ್ಪ ತನ್ನ ಕಡೆ ಏಳ್ಲಿಲ್ಲ ಅಂತ ಸೊಸೆ ಮಾವನ ಮೇಲೆ ಚಾಡಿ ಏಳ್ತಾವ್ಳೆ ಅಂತಿದ್ರು. ನೀವೇ ಏಳ್ಬೇಕಿತ್ತು."

ನನಗೆ ಇನ್ನೊಂದು ಅನುಮಾನ ಬಂತು. "ಅಲ್ಲಾ, ನನ್ನ ಹಿಂದೆ ಕೂರಿಸ್ದಲ್ಲ, ಅದ್ರಿಂದ ಗಾಡಿಗೆ ಏನಾದ್ರೂ ಉಪಯೋಗ ಆಯ್ತಾ?"

"ಏನಿಲ್ಲ. ಇನ್ನೊಂದು ಮರಳು ಮೂಟೆ ಆಕಿದ್ರೂ ಅಷ್ಟೇ ಇತ್ತು."

"ಮತ್ತೆ?"

"ಮರಳು ಮೂಟೆಗೆ ಬಾಯಿಲ್ವಲ್ಲ ಮಾವ" ಅಂದಳು. "ನಿಮ್ಗಾದ್ರೂ ಅದೆ ಅಂತ ಕೂರಿಸ್ದೆ. ಬೇಗ ಬಾಯ್ಬುಡ್ತೀರಿ ಅನ್ಕಂಡಿದ್ದೆ. ನಮ್ಮಪ್ಪನಿಗಿಂತ ಗಟ್ಟಿ ನೀವು."

ಅದು ನನಗೆ ಸಿಕ್ಕ ಹೊಗಳಿಕೆ ಎಂದು ತಿಳಿದುಕೊಂಡಿದ್ದೇನೆ.

ನಮ್ಮವಳಿಗೆ ಹೇಳಿದ್ದು ಅಷ್ಟು ಸಲೀಸಾಗಿ ಆಗಲಿಲ್ಲ. ಆ ಹೊತ್ತಿನಲ್ಲಿ ಅವಳ ಕೈಯಲ್ಲಿ ಮುದ್ದೆ ತೊಳಸುವ ಕೋಲಿತ್ತು, ಅಷ್ಟು ಮಾತ್ರ ಬರೆಯುತ್ತೇನೆ. "ಮೂಕಪ್ರಾಣಿ ಕೈಲಿ ಸುಳ್ಳು ಏಳಿಸ್ದಲ್ಲೋ, ನಿನ್ನ ಬಾಯಿ ಸಾಲ್ದಾಗಿತ್ತಾ?" ಅಂದಳು. ಆಮೇಲೆ ತೀರ್ಮಾನ ಕೊಟ್ಟಳು: ಬಸವಪ್ಪನಿರುವ ಊರಿಗೇ ಹೋಗಿ, ಜನರೆದುರಿಗೆ ತಪ್ಪು ಹೇಳಿ, ತಪ್ಪು ಕಾಣಿಕೆ ಕಟ್ಟಬೇಕು. ಬೀಗರನ್ನೂ ಕರೆಸಬೇಕು. ಕೊನೆಯದನ್ನು ಬಿಟ್ಟು ಬೇರೆ ಏನಾದರೂ ಹೇಳು, ಬೇಕಾದರೆ ಮುಡಿ ಕೊಡುತ್ತೇನೆ ಅಂದೆ. ಇದ್ದರೆ ತಾನೇ ಕೊಡೋದು ಎಂದಳು, ನನ್ನ ತಲೆ ನೋಡಿ.

ಹೋದೆವು. ಗುಡಿಯ ಮುಂದೆ ನಿಂತು ಜುಟ್ಟು, ಬೆಲ್ಲ, ಎಲೆ ತೆಗೆಸಿದ್ದು, ಹಗ್ಗದ ಸಿಟ್ಟು ಎಲ್ಲವನ್ನೂ ಹೇಳಿ ಅಡ್ಡಬಿದ್ದೆ. ಗುಡ್ಡಪ್ಪ ಕಾಣಿಕೆ ಹಾಕಿಸಿದ. ಬಸವಪ್ಪ ನಿಧಾನವಾಗಿ ಬಂದ. ತಿವಿಯುತ್ತಾನೆ ಎಂದೇ ಕಣ್ಣು ಮುಚ್ಚಿದೆ. ಅವನು ನನ್ನ ಅಂಗೈ ಮೂಸಿದ, ಜುಬ್ಬದ ಜೇಬು ಮೂಸಿದ, ಏನೂ ಸಿಗದೆ ನನ್ನ ಮುಖದ ಮೇಲೆ ಬುಸ್ಸೆಂದು ಉಸಿರು ಬಿಟ್ಟ.

"ಕ್ಷಮಿಸವ್ನೆ ಬುಡಿ" ಅಂದ ಗುಡ್ಡಪ್ಪ. "ಬರೀ ಕೈಲಿ ಬಂದಿದ್ದಕ್ಕೆ ಸಿಟ್ಟು, ಅಷ್ಟೇ."

ಜನ ನಕ್ಕರು. ಬೀಗರು ಮಾತ್ರ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಕಾಲಬೆರಳಲ್ಲಿ ಮಣ್ಣು ಗೀರಿದರು. "ಅಗ್ಗದ ಮಾತು ಇಷ್ಟು ನಾಟಿತ್ತಾ ಬೀಗ್ರೇ? ಏಳ್ಬಾರ್ದಾಗಿತ್ತಾ ಒಂದ್ಮಾತು" ಎಂದರು. "ನನ್ ಮಗಳ ಹುಳ ಹಾಳಾಗಿದ್ರಲ್ಲಿ ನಂದೂ ಅರ್ಧ ಅದೆ." ಆ ವಾರವೇ ನಮ್ಮ ಗಾಡಿಯನ್ನು ಅವರು ತಗೊಂಡರು. ಎಳನೀರು ತುಂಬಿದ ಮೇಲೆ ಆ ಪಟ್ಟಿಗಳು ಕೊನೆಗೂ ಕೆಲಸ ಕಂಡು ಸುಮ್ಮನಾದವಂತೆ. ಸೊಸೆಗೆ ಚಿಕ್ಕ ಎಂಜಿನ್ ಬಂತು. ಈ ಸಲ ಯಾರನ್ನೂ ಕೇಳಲಿಲ್ಲ, ಬಾಡಿಯ ಮೇಲೆ ಅಂಗೈ ಇಟ್ಟು ನೋಡಿದಳು, ಅಷ್ಟೇ.

ಬೀಗರ ಪಶ್ಚಾತ್ತಾಪ ಬಾಳಿದ್ದು ಮುಂದಿನ ಹಬ್ಬದವರೆಗೆ. ಈಗ ಹಗ್ಗದ ಮಾತು ನಿಜವಾಗಿಯೂ ನಿಂತಿದೆ. ಮದ್ದೂರಿನ ಮಾರುಕಟ್ಟೆಯಲ್ಲಿ ನನ್ನನ್ನು ಕಂಡರೆ ಎಳನೀರು ಕೆತ್ತಿ ಕೈಗೆ ಕೊಟ್ಟು, "ಸಿಹಿ ಸಾಕಾ ಬೀಗ್ರೇ, ಇಲ್ಲಾ ಬೆಲ್ಲ ಆಕ್ಲಾ?" ಎನ್ನುತ್ತಾರೆ.

ಹೊಸ ಗಾಡಿಗೆ ನನ್ನ ಭಾರ ಬೇಕಿರಲಿಲ್ಲ. ಮೊದಲ ಸಲ ಅವಳು ಹುಳ ತುಂಬಿದಾಗ ನಾನು ಜಗುಲಿಯಲ್ಲಿ ಸುಮ್ಮನೆ ಕೂತಿದ್ದೆ. ಅವಳು ಸ್ಟಾರ್ಟ್ ಮಾಡಿ, ಎಡಗಡೆಯ ಬಾಗಿಲು ತೆಗೆದು, "ಬನ್ನಿ ಮಾವ, ಮುಂದೆ ಕೂತ್ಕಳಿ" ಅಂದಳು. ಬೇಡವೆಂದು ಒಂದು ಸಲ ಹೇಳಬೇಕೆಂದುಕೊಂಡೆ, ಅಷ್ಟರಲ್ಲಿ ಹತ್ತಿ ಕೂತಿದ್ದೆ. ಬೇಡವೆಂದಿದ್ದ ಆ ರೈತನ ಮನೆಗೇ ಹೊರಟಿದ್ದಳು. ಒಂದು ತಟ್ಟೆ ನೋಡಿ, ಸರಿಯಿಲ್ಲದಿದ್ದರೆ ವಾಪಸ್ ತರುತ್ತೇನೆಂದು ಅವನನ್ನು ಒಪ್ಪಿಸಿದ್ದಳಂತೆ. ನಾಲೆ ಏರಿ ಬಂತು. ಅವಳು ಗೇರು ಇಳಿಸಿದಳು. ಚಿಕ್ಕ ಎಂಜಿನ್ ಸ್ವಲ್ಪ ಗೊಣಗಿಕೊಂಡು, ಹತ್ತಿತು.

ರೈತ ಗೋಣಿತಾಟು ಸರಿಸಿ ತಟ್ಟೆಯನ್ನು ಬಿಸಿಲಿಲ್ಲದ ಕಡೆ ಇಟ್ಟು ಬಗ್ಗಿ ನೋಡಿದ. ಹುಳ ಇಟ್ಟಲ್ಲೇ ಇದ್ದವು, ಅಷ್ಟೂ ತಲೆ ಎತ್ತಿಕೊಂಡು ಜ್ವರದಲ್ಲಿ ಕೂತಿದ್ದವು. ಅವನು ಉಳಿದ ತಟ್ಟೆಗಳನ್ನೂ ಒಂದೊಂದಾಗಿ ಇಳಿಸಿಕೊಂಡ. ಆಮೇಲೆ ಖಾಲಿಯಾದ ಗಾಡಿಯೊಳಗೆ ಇಣುಕಿ, "ಆ ದೊಡ್ಡ ಹುಳ ಎಲ್ಲವ್ವಾ?" ಎಂದ.

ಸೊಸೆ ಮುಂದಿನ ಸೀಟಿನ ಕಡೆ ಕೈ ತೋರಿಸಿದಳು. "ಹಣ್ಣಾಯ್ತು ಕಣಣ್ಣ. ಆರಿಸಿ ಮುಂದೆ ಬುಟ್ಟಿವ್ನಿ."